ಪುಟಾಣಿ ಅಳ್ತಿದೆ, ಜೂಮ್ ಮಾಡಿ

ಮಕ್ಕಳ ರಿಯಾಲಿಟಿ ಶೋನಲ್ಲಿ ಶನಿವಾರದ ಆ ಎಲಿಮಿನೇಷನ್ ನೀವೂ ನೋಡಿರ್ತೀರಿ. ಚಾನೆಲ್ ಹೆಸರು ಬೇಡ ಬಿಡಿ, ಎಲ್ಲ ಚಾನೆಲ್‌ನಲ್ಲೂ ಅದೇ ಶನಿವಾರ. ಆರು ವರ್ಷದ ಪುಟಾಣಿ, ಮೈತುಂಬ ಚಮಕಿ, ತುಟಿಗೆ ದೊಡ್ಡವರ ಲಿಪ್‌ಸ್ಟಿಕ್. ಡೈಲಾಗ್ ಮರೆತುಹೋಯಿತು. ತುಟಿ ನಡುಗಿತು. ಕ್ಯಾಮೆರಾ ಹತ್ತಿರ ಬಂತು, ಹಿನ್ನೆಲೆಯಲ್ಲಿ ಪಿಟೀಲು ಶುರುವಾಯಿತು. ಜಡ್ಜ್ ಮೇಡಂ ಕಾಡಿಗೆ ಕೆಡದ ಹಾಗೆ ಟಿಶ್ಯೂ ತುದಿಯಿಂದ ಕಣ್ಣೊರೆಸಿಕೊಂಡರು. ಆಮೇಲೆ ಬ್ರೇಕ್. ಉಳಿದ ಅಳು ಸೋಪಿನ ಜಾಹೀರಾತು ಮುಗಿದ ಮೇಲೆ.

ಇದರಲ್ಲಿ ತಪ್ಪೇನೂ ಇಲ್ಲ ಅನ್ನೋದು ನೆನಪಿರಲಿ. ಚಿತ್ರೀಕರಣದ ಉದ್ದಕ್ಕೂ ಮಗುವಿಗೆ ಹಿಂಸೆ, ನಿರ್ಲಕ್ಷ್ಯ, ಶೋಷಣೆ ಆಗದಂತೆ ಎಲ್ಲ ಕ್ರಮ ತೆಗೆದುಕೊಂಡಿದ್ದೇವೆ ಅಂತ ಪರದೆಯ ಮೇಲೆ ಹಾಕಬೇಕು ಎಂದು 2017ರ ಬಾಲ ಕಾರ್ಮಿಕ ನಿಯಮವೇ ಹೇಳುತ್ತದೆ. ಹಾಕುತ್ತಾರೆ ಕೂಡ. ಇರುವೆ ಸಾಲು ಹೋದ ಹಾಗೆ ಒಂದು ಸಾಲು ಹೋಗುತ್ತದೆ. ಓದಲು ಆಗಲಿಲ್ಲ ಅಂದರೆ ಅದು ನಿಮ್ಮ ಕಣ್ಣಿನ ದೋಷ.

ನಮ್ಮ ಬಾಲ ಕಾರ್ಮಿಕ ಕಾನೂನು ಬಹಳ ಕರುಣಾಮಯಿ. 1986ರಲ್ಲಿ ಹುಟ್ಟಿ, 2016ರಲ್ಲಿ ತಿದ್ದುಪಡಿಯಾಗಿ, 14 ವರ್ಷದೊಳಗಿನ ಮಗು ಯಾವ ಕೆಲಸವನ್ನೂ ಮಾಡುವಂತಿಲ್ಲ ಅಂತ ಗಟ್ಟಿಯಾಗಿ ಹೇಳಿತು. ಹೇಳಿದ ಉಸಿರಿನಲ್ಲೇ ಎರಡು ಬಾಗಿಲು ತೆರೆದಿಟ್ಟಿತು. ಒಂದು, ಶಾಲೆಯ ಹೊತ್ತು ಮುಗಿದ ಮೇಲೆ ಮನೆಯವರಿಗೆ ಸಹಾಯ. ಇನ್ನೊಂದು, ಬಾಲ ಕಲಾವಿದ. ಸರ್ಕಸ್ ಮಾತ್ರ ಕೂಡದು. ಅಂದರೆ ಡೇರೆಯೊಳಗೆ ಹುಡುಗಿ ಹಗ್ಗದ ಮೇಲೆ ನಡೆದರೆ ಅಪರಾಧ. ಅದೇ ಹಗ್ಗವನ್ನು ಸ್ಟುಡಿಯೋದಲ್ಲಿ ಕಟ್ಟಿ, ಎದುರಿಗೆ ಮೂವರು ಜಡ್ಜ್‌ಗಳನ್ನು ಕೂರಿಸಿದರೆ ಪ್ರತಿಭೆ.

ಈ ಪ್ರತಿಭೆ ದಿನಕ್ಕೆ ಐದು ಗಂಟೆ ಮಾತ್ರ ಅರಳಬೇಕು. ಮೂರು ಗಂಟೆಗೊಮ್ಮೆ ವಿಶ್ರಾಂತಿ ಬೇಕು. ಸತತ 27 ದಿನಕ್ಕಿಂತ ಜಾಸ್ತಿ ಕೂಡದು. 27 ಯಾಕೆ? ನನಗೆ ಹೊಳೆದದ್ದು ಒಂದೇ, ನಕ್ಷತ್ರಗಳು 27. ಅಶ್ವಿನಿಯಿಂದ ರೇವತಿವರೆಗೆ ಶೂಟಿಂಗ್, ಆಮೇಲೆ ಒಂದು ದಿನ ನಿದ್ದೆ, ಮತ್ತೆ ಅಶ್ವಿನಿ. ನಿರ್ಮಾಪಕರು ಜಿಲ್ಲಾಧಿಕಾರಿಗೆ ಫಾರಂ 'ಸಿ'ಯಲ್ಲಿ ಮುಚ್ಚಳಿಕೆ ಬರೆದುಕೊಟ್ಟು ಅನುಮತಿ ತರಬೇಕು. ಡಿಸಿ ಸಾಹೇಬರಿಗೆ ಬರ, ಪ್ರವಾಹ, ಚುನಾವಣೆ, ಮಂತ್ರಿಗಳ ಪ್ರವಾಸ ಎಲ್ಲ ಮುಗಿದ ಮೇಲೆ ಸಂಜೆ ಬಿಡುವಾಗಿರುತ್ತಲ್ಲ, ಆಗ ಮೇಕಪ್ ರೂಮಿಗೆ ಹೋಗಿ ಗಡಿಯಾರ ನೋಡಿಕೊಂಡು ಬರುತ್ತಾರೆ.

ಮಗುವಿನ ಒಪ್ಪಿಗೆ ಇಲ್ಲದೆ ಕುಣಿಸುವಂತಿಲ್ಲ ಅಂತಲೂ ಇದೆ. 'ಪುಟ್ಟಾ, ಟೀವಿಲಿ ಬರ್ತೀಯಾ?' 'ಹೂಂ.' ಮುಗಿಯಿತು. ಅದೇ ಪುಟ್ಟನನ್ನು 'ಹಾಗಲಕಾಯಿ ಪಲ್ಯ ತಿಂತೀಯಾ?' ಅಂತ ಕೇಳಿದರೆ ಮಾತ್ರ ಅವನ ಮಾತಿಗೆ ಬೆಲೆ ಇಲ್ಲ. ದುಡಿದದ್ದರಲ್ಲಿ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಲ್ಲಿ ಬ್ಯಾಂಕಿನ ಠೇವಣಿಗೆ ಹೋಗಬೇಕು. ಉಳಿದ 80 ಎಲ್ಲಿ ಹೋಯಿತು ಅಂತ ಕೇಳಬೇಡಿ. ಸೈಟಿನ ಕಂತು ಕಟ್ಟಬೇಡವೇ? ಮಗು ನಾಳೆ ಎಲ್ಲಿರಬೇಕು?

ಇಷ್ಟು ಹೇಳಿದರೆ ಸಾಕು, ಯಾರಾದರೂ ಒಬ್ಬರು 'ಅಣ್ಣಾವ್ರು ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿರಲಿಲ್ವಾ?' ಅಂತ ಕೇಳ್ತಾರೆ. ಸೇರಿದ್ದರು. ಶಾಲೆಯೂ ಅಲ್ಲಿಗೇ ನಿಂತಿತು. ಒಂದೇ ವ್ಯತ್ಯಾಸ. ಗುಬ್ಬಿ ವೀರಣ್ಣನವರು ಯಾವ ಹುಡುಗನನ್ನೂ ಎಸ್ಸೆಮ್ಮೆಸ್ ವೋಟಿಗೆ ನಿಲ್ಲಿಸಿ, ಸೋತವನ ಕಣ್ಣೀರಿಗೆ ಪ್ರಾಯೋಜಕರನ್ನು ಹುಡುಕಲಿಲ್ಲ.

ಟೀವಿಯವರಾದರೂ ಫಾರಂ ತುಂಬುತ್ತಾರೆ. ಮನೆಯ ಹಾಲ್‌ನಲ್ಲೇ ನಡೆಯುವ ಶೂಟಿಂಗ್‌ಗೆ ಯಾರು ತುಂಬಬೇಕು? ಅಪ್ಪ ನಿರ್ಮಾಪಕ, ಅಮ್ಮ ನಿರ್ದೇಶಕಿ, ಅಜ್ಜಿ ರಿಂಗ್ ಲೈಟ್ ಹಿಡಿಯೋರು. 'ಇನ್ನೊಂದ್ಸಲ ಮಾಡು ಚಿನ್ನು, ನಗು ಬರ್ಲಿಲ್ಲ.' ಹೋಂವರ್ಕ್ ಪುಸ್ತಕ ಸೋಫಾ ಕೆಳಗೆ. ಕೇಳಿದರೆ ಮನೆಯವರಿಗೆ ಸಹಾಯ ಅನ್ನಬಹುದು, ಕಲೆ ಅಂತಲೂ ಅನ್ನಬಹುದು. ಎರಡೂ ಬಾಗಿಲಿನ ಕೀಲಿ ಒಂದೇ ಮನೆಯಲ್ಲಿದೆ.

ಇನ್ನು ಪೇಪರ್ ಹುಡುಗ. 18 ತುಂಬದವರಿಂದ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಮಾಡಿಸುವಂತಿಲ್ಲ. ಅವನು ಬರೋದು ಐದೂವರೆಗೆ, ಸೈಕಲ್ ಮೇಲೆ, ಬಾಲ ಕಾರ್ಮಿಕರ ಬಗ್ಗೆ ಕಣ್ಣೀರು ಸುರಿಸುವ ಸಂಪಾದಕೀಯವನ್ನು ಸುರುಳಿ ಸುತ್ತಿಕೊಂಡು. ನಾವು ಬಾಗಿಲು ತೆಗೆದು, 'ಕಲಾಂ ಕೂಡ ಪೇಪರ್ ಹಾಕಿಯೇ ರಾಷ್ಟ್ರಪತಿ ಆದದ್ದು ಕಣೋ' ಅಂತ ಹೇಳಿ, ಮಳೆಗೆ ಪೇಪರ್ ಒದ್ದೆಯಾಗಿದೆ ಅಂತ ಬೈದು ಕಳಿಸ್ತೇವೆ.

ತಮಾಷೆ ಇಲ್ಲಿಗೆ ಸಾಕು. ಉತ್ತರ ಕರ್ನಾಟಕದ ಹತ್ತಿ ಬೀಜೋತ್ಪಾದನೆ ಹೊಲಗಳಲ್ಲಿ ಕ್ರಾಸಿಂಗ್, ಅಂದರೆ ಎರಡು ತಳಿ ಬೆರೆಸುವ ಕೆಲಸ ಹೇಗೆ ನಡೆಯುತ್ತೆ ನೋಡಿ. ಸಂಜೆ ಮೊಗ್ಗು ಬಿಡಿಸಿ ಒಳಗಿನ ಕೇಸರ ಕೀಳಬೇಕು. ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಪರಾಗ ಒರೆಸಬೇಕು. ಪ್ರತಿ ಮೊಗ್ಗಿಗೂ, ಕೈಯಿಂದಲೇ. ಸಣ್ಣ ಬೆರಳಿದ್ದರೆ ಮೊಗ್ಗು ಮುರಿಯಲ್ಲ, ಗಿಡದಷ್ಟೇ ಎತ್ತರ ಇದ್ದರೆ ಬೆನ್ನು ಬಗ್ಗಿಸಬೇಕಿಲ್ಲ, ಅದಕ್ಕೇ ಮಕ್ಕಳು ಬೇಕು. ಪರಾಗ ಒರೆಸುವ ಹೊತ್ತಿಗೇ ಶಾಲೆಯ ಗಂಟೆ ಹೊಡೆಯುತ್ತೆ. ಕೇಳಿದರೆ ನಮ್ಮದೇ ಹೊಲ, ನಮ್ಮ ಹುಡುಗಿ, ಸಹಾಯ ಮಾಡ್ತಾಳೆ ಅಂತಾರೆ. ಹುಡುಗಿ ಸತತ 30 ದಿನ ಶಾಲೆಗೆ ಬರದಿದ್ದರೆ ಮುಖ್ಯ ಶಿಕ್ಷಕರು ವರದಿ ಮಾಡಬೇಕು. 29ನೇ ದಿನ ಬಂದು 'ಹಾಜರ್ ಸಾರ್' ಅಂದರೆ ಲೆಕ್ಕ ಮತ್ತೆ ಒಂದರಿಂದ. ಈ ನಿಯಮ ಬರೆದವರಿಗೆ ಇದು ಗೊತ್ತಿರಲಿಲ್ಲ ಅಂತ ನಂಬುವಷ್ಟು ಒಳ್ಳೆಯವನು ನಾನಲ್ಲ. ಗೊತ್ತಿತ್ತು. ಬಡವರ ಮನೆಯ ಕೆಲಸ ನಿಲ್ಲಬಾರದು, ಕಾಗದದಲ್ಲಿ ಮಾತ್ರ ಮಕ್ಕಳು ದುಡಿಯಬಾರದು. ಎರಡೂ ಆಯಿತು.

ಜೂನ್ 12ಕ್ಕೆ ಬಾಲ ಕಾರ್ಮಿಕ ವಿರೋಧಿ ದಿನ. ಯಾವುದಾದರೂ ತಾಲ್ಲೂಕು ಕೇಂದ್ರಕ್ಕೆ ಹೋಗಿ ನೋಡಿ. ಹತ್ತು ಗಂಟೆಗೆ ಜಾಥಾ, ಮುಖ್ಯ ಅತಿಥಿ ಬರೋದು ಹನ್ನೆರಡೂವರೆಗೆ. ಅಲ್ಲಿವರೆಗೂ ಫಲಕ ಹಿಡಿದು ಬಿಸಿಲಲ್ಲಿ ನಿಂತವರು ಮಕ್ಕಳು, ಸ್ವಾಗತ ನೃತ್ಯ ಮಾಡಿದವರು ಮಕ್ಕಳು, ವೇದಿಕೆಗೆ ನೀರಿನ ಬಾಟಲಿ ಹೊತ್ತವರು ಮಕ್ಕಳು. ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿ ಕಾರು ಹತ್ತಿದ ಮೇಲೆ ಪಿಟಿ ಮೇಷ್ಟ್ರು ಮೈಕ್ ಹಿಡಿದರು: 'ಏಳನೇ ಕ್ಲಾಸಿನವರು ಇರ್ರಿ, ಕುರ್ಚಿ ಎಲ್ಲ ಎತ್ತಿಟ್ಟು ಹೋಗಿ.'