ಹಾಸಿಗೆ ಬಟ್ಟೆ ನೀವೇ ತನ್ನಿ

"ಬೆಡ್‌ಶೀಟು, ಟವೆಲ್ಲು ನೀವೇ ತನ್ನಿ. ಶನಿವಾರ ರಾತ್ರಿಯ ಅಡುಗೆ ನಿಮ್ಮದು." ಪ್ರೀತಿಯಿಂದ ಮನೆಗೆ ಕರೆದವರು ಕಳಿಸಿದ ಮೆಸೇಜು ಇದು. ಓದಿ ನನ್ನ ಹೆಂಡತಿಗೆ ಮುಖ ಕೆಂಪಾಯಿತು. "ಇದೇನ್ರೀ, ನೆಂಟರನ್ನ ಕರೆಯೋದಾ, ಆಳು ಕರೆಯೋದಾ?" ಎಂದಳು. ಅವಳ ತವರು ತೀರ್ಥಹಳ್ಳಿ ಹತ್ತಿರ. ಅಲ್ಲಿ ಯಾರಾದರೂ ಹೀಗೆ ಹೇಳಿದರೆ ನೆಂಟಸ್ತಿಕೆ ಅಲ್ಲಿಗೇ ಮುಗಿಯಿತು.

ನಾವಿರುವುದು ಫಿನ್ಲೆಂಡಿನಲ್ಲಿ, ಹೆಲ್ಸಿಂಕಿ ಪಕ್ಕದ ಎಸ್ಪೋ ಊರಲ್ಲಿ. ಕರೆದದ್ದು ನನ್ನ ಆಫೀಸಿನ ಗೆಳೆಯ. ಮಿಕ್ಕೆಲಿ ಕಡೆ, ಸೈಮಾ ಸರೋವರದ ದಂಡೆಯಲ್ಲಿ ಅವನದೊಂದು ಮೊಕ್ಕಿ ಇದೆ. ಮೊಕ್ಕಿ ಅಂದರೆ ರಜೆ ಕಳೆಯುವ ಸಣ್ಣ ಮರದ ಮನೆ. ಸುಮಾರು 56 ಲಕ್ಷ ಜನರಿರುವ ಈ ದೇಶದಲ್ಲಿ ಅಂಥವು 5 ಲಕ್ಷಕ್ಕೂ ಜಾಸ್ತಿ ಇವೆ. ಜುಲೈ ಬಂತೆಂದರೆ ಆಫೀಸಿನಲ್ಲಿ ಫೋನ್ ಎತ್ತುವವರೂ ಸಿಗುವುದಿಲ್ಲ, ಎಲ್ಲರೂ ಮೊಕ್ಕಿಗೆ.

ಬೆಂಗಳೂರಿನವರ ವೀಕೆಂಡ್ ಹೋಮ್‌ಸ್ಟೇ ನೆನೆಸಿಕೊಂಡು ಹೋದರೆ ನಿರಾಸೆ ಖಂಡಿತ. ರೇನ್ ಡ್ಯಾನ್ಸ್ ಇಲ್ಲ, ಬಫೆ ಇಲ್ಲ. ಗೆಳೆಯನ ಮೊಕ್ಕಿಯಲ್ಲಿ ನಲ್ಲಿಯೂ ಇರಲಿಲ್ಲ. ಕುಡಿಯುವ ನೀರು ಕ್ಯಾನಿನಲ್ಲಿ ತರಬೇಕು, ಮಿಕ್ಕಿದ್ದಕ್ಕೆಲ್ಲ ಸರೋವರದ ನೀರು. ಕಕ್ಕಸು ಹೊರಗೆ, ಮರಗಳ ನಡುವೆ. ಕೆಲಸ ಮುಗಿದ ಮೇಲೆ ಒಂದು ಸೌಟು ಮರದ ಹೊಟ್ಟು ಸುರಿದು ಬರುವುದು. ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲ ನೋಡಿದ ಅಪ್ಪ, "ಇದನ್ನೆಲ್ಲ ಬಿಡೋಕೆ ನಾವು ಅಷ್ಟು ಒದ್ದಾಡಿದ್ವಲ್ಲೋ" ಎಂದು ನಕ್ಕರು.

ನನ್ನನ್ನು ಹಿಡಿದಿಟ್ಟದ್ದು ಅದಲ್ಲ. ಮನೆಯೊಡತಿ.

ನಾವು ಹೋಗಿ ಇಳಿದಾಗ ಆಕೆ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಪುಸ್ತಕ ಓದುತ್ತಿದ್ದಳು. ಎದ್ದಳು, ತಬ್ಬಿಕೊಂಡಳು, ಕಾಫಿ ಫ್ಲಾಸ್ಕ್ ಎಲ್ಲಿದೆ ಎಂದು ತೋರಿಸಿ ಮತ್ತೆ ಕೂತಳು. ಸ್ವಲ್ಪ ಹೊತ್ತಿಗೆ ನನ್ನ ಕೈಗೆ ಬಕೆಟ್ ಬಂತು, ಸೌನಾಕ್ಕೆ, ಅಂದರೆ ಒಲೆ ಹಾಕಿ ಕಾಯಿಸುವ ಹಬೆ ಸ್ನಾನದ ಕೋಣೆಗೆ, ನೀರು ಹೊರಲು. ಮಗನಿಗೆ ಸೌದೆ ಒಟ್ಟುವ ಕೆಲಸ. ಹೆಂಡತಿಯ ಮುಂದೆ ಒಂದು ಬೋಗುಣಿ ಹೊಸ ಆಲೂಗಡ್ಡೆ, ಒಂದು ಬ್ರಷ್ಷು. ಎಳೆಯ ಆಲೂಗಡ್ಡೆಗೆ ಇಲ್ಲಿ ಸಿಪ್ಪೆ ತೆಗೆಯುವುದಿಲ್ಲ. ಮಣ್ಣು ಹೋಗುವಂತೆ ಉಜ್ಜಿ, ಸಬ್ಬಸಿಗೆ ಸೊಪ್ಪು ಹಾಕಿ ಬೇಯಿಸಿ, ಮೇಲೆ ಬೆಣ್ಣೆ. ಊಟ ಅಂದರೆ ಅಷ್ಟೇ. ಅವರು ಜೊತೆಗೆ ಉಪ್ಪುನೀರಿನಲ್ಲಿ ನೆನೆಸಿಟ್ಟ ಮೀನು ತಿಂದರು, ನಾವು ಮಿಡಿ ಉಪ್ಪಿನಕಾಯಿ ನೆಂಚಿಕೊಂಡೆವು. ತಟ್ಟೆ ತೊಳೆದದ್ದು ಗೆಳೆಯ ಮತ್ತು ಅವನ ಮಗಳು. ಸೌನಾ ಕಾಯಲು ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಯಾರಿಗೂ ಅವಸರವಿಲ್ಲ. ಹತ್ತು ಗಂಟೆಯಾದರೂ ಬಿಸಿಲು. ಸೊಳ್ಳೆ ಮಾತ್ರ ನಮ್ಮ ಮಲೆನಾಡಿನವನ್ನು ಮೀರಿಸುವಂಥವು.

ಈಗ ನಮ್ಮೂರಿಗೆ ಬನ್ನಿ. ಮೇ ತಿಂಗಳು, ಮನೆ ತುಂಬ ನೆಂಟರು. ಎಲ್ಲರೂ "ಆರಾಮಾಗಿ ನಾಲ್ಕು ದಿನ ಇರೋಣ" ಎಂದು ಬಂದವರೇ. ಅತ್ತಿಗೆ ಐದಕ್ಕೆ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕುತ್ತಾರೆ. ಆಮೇಲೆ ನೀರು ದೋಸೆ. ನೀರು ದೋಸೆ ಎಷ್ಟು ತೆಳ್ಳಗೋ, ತಿನ್ನುವವರ ಲೆಕ್ಕ ಅಷ್ಟೇ ದಪ್ಪ. ಕೊನೆಯವನು ತಿಂದು ಏಳುವಷ್ಟರಲ್ಲಿ ಮೊದಲು ತಿಂದವನಿಗೆ ಹನ್ನೊಂದರ ಚಹಾ ಆಗಬೇಕು. ಮಧ್ಯಾಹ್ನ ಪಾಯಸ ಇಲ್ಲದಿದ್ದರೆ ಮರ್ಯಾದೆಯ ಪ್ರಶ್ನೆ. ಸಂಜೆ ಹಲಸಿನ ಹಪ್ಪಳ ಕರಿಯದಿದ್ದರೆ ಬೆಂಗಳೂರಿನವರಿಗೆ ಊರಿಗೆ ಬಂದ ಹಾಗೇ ಆಗುವುದಿಲ್ಲ. ಜಗಲಿಯಲ್ಲಿ ಇಸ್ಪೀಟು ಆಡುತ್ತಾ ಗಂಡಸರು ಹೇಳುವುದು, "ಹಳ್ಳಿ ಜೀವನ ಎಷ್ಟು ನಿಧಾನ, ಅಲ್ವಾ?" ಅದೇ ಹೊತ್ತಿಗೆ ಒಳಗೆ ಮಿಕ್ಸಿಯ ಸದ್ದು. ಆ ನಿಧಾನ ಯಾರ ಓಟದ ಮೇಲೆ ನಿಂತಿದೆ ಎಂದು ಯಾರೂ ಕೇಳುವುದಿಲ್ಲ. ಸರಳ ಬದುಕು ಎಂದು ನಾವು ಫೋಟೋ ಹಾಕುವುದು ಹದಿನಾರು ಬಗೆ ಬಡಿಸಿದ ಬಾಳೆಲೆಯದ್ದು!

ಉಪಚಾರ ಒಂಚೂರು ಕಮ್ಮಿಯಾದರೆ ನಮ್ಮವರಿಗೆ ಅದು ಸಸಾರ ಅನ್ನಿಸುತ್ತದೆ. ನನಗೋ, ಇಲ್ಲಿಯದೇ ಸರಿ ಅನ್ನಿಸಿತು. ಕರೆದವಳಿಗೂ ರಜೆ ಇದ್ದರೆ ತಾನೇ ಆಕೆ ಮತ್ತೊಮ್ಮೆ ಮನಸಾರೆ ಕರೆಯುವುದು? ನನ್ನ ಹೆಂಡತಿಯೂ ಎರಡನೇ ದಿನ ಆ ಮೆಟ್ಟಿಲ ಮೇಲೆ ಆಕೆಯ ಪಕ್ಕದಲ್ಲೇ ಕೂತಿದ್ದಳು. ತವರಿನಲ್ಲಿ ಅವಳು ಹಾಗೆ ಕೂತದ್ದನ್ನು ನಾನು ನೋಡಿಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಹೇಳಲು ಅಷ್ಟೇನೂ ಇಷ್ಟವಿಲ್ಲದಿದ್ದರೂ. ಜುಲೈನ ಆ ವಾರಾಂತ್ಯ ಗೊತ್ತಾದದ್ದು ಮಾರ್ಚಿನಲ್ಲಿ. ಭಾನುವಾರ ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂಬುದೂ ಆಗಲೇ ಮಾತಾಗಿತ್ತು. ನಮ್ಮ ಊರಿನ ಮನೆಗೆ ರಾತ್ರಿ ಹನ್ನೊಂದಕ್ಕೆ ಹೇಳದೆ ಕೇಳದೆ ಹೋದರೂ ಅನ್ನಕ್ಕೆ ಇಡುತ್ತಾರೆ, ಯಾವಾಗ ಹೋಗ್ತೀಯ ಎಂದು ಯಾರೂ ಕೇಳುವುದಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಸರದಿಯ ಮೇಲೆ ರಾತ್ರಿ ಕೂತವರು ಆ ಜಗಲಿಯ ಇಸ್ಪೀಟಿನವರೇ. ನಾನು ಬಂದು ಮುಟ್ಟುವ ತನಕ ಅವರೇ ನೋಡಿಕೊಂಡರು. ಹಾಗೆ ಬಂದು ಕೂರುವವರು ಎಸ್ಪೋದಲ್ಲಿ ನನಗೆ ಯಾರಿದ್ದಾರೆ ಎಂದು ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತದೆ.

ಆದರೂ ಅಡುಗೆಮನೆಯ ಮಾತು ನಾನು ಬಿಡುವವನಲ್ಲ. ಮೊನ್ನೆ ಅತ್ತಿಗೆಗೆ ಫೋನ್ ಮಾಡಿ, ಡಿಸೆಂಬರಿನಲ್ಲಿ ಬಂದಾಗ ಬೆಳಗಿನ ತಿಂಡಿ ಗಂಡಸರದ್ದೇ, ನೀವು ಎಂಟರ ತನಕ ಮಲಗಿ ಎಂದೆ. "ಎಂತಕ್ಕೆ ಮಾರಾಯಾ, ಊರವರು ಎಂತ ಅನ್ಕಣ್ಬೇಕು?" ಎಂದರು. ಚೌಕಾಶಿ ತುಂಬ ಹೊತ್ತು ನಡೆಯಿತು. ಕೊನೆಗೆ ಉಪ್ಪಿಟ್ಟಿಗೆ ಒಪ್ಪಿದ್ದಾರೆ. ರವೆ ಹುರಿಯುವುದು, ಈರುಳ್ಳಿ ಹೆಚ್ಚುವುದು, ಪಾತ್ರೆ ತೊಳೆಯುವುದು ನಾವು. ಒಗ್ಗರಣೆ ಮಾತ್ರ ಅವರೇ ಹಾಕುತ್ತಾರಂತೆ.