ಹೊರಗುತ್ತಿಗೆಗೆ ಹೋದ ಕಣ್ಣು

ಬೆಂಗಳೂರು ಹೊರಗುತ್ತಿಗೆಯ ಊರು. ಯಾವುದೋ ದೇಶದ ಬ್ಯಾಂಕಿನ ಲೆಕ್ಕ, ಇನ್ಯಾವುದೋ ದೇಶದ ಆಸ್ಪತ್ರೆಯ ಕಡತ, ಎಲ್ಲವನ್ನೂ ಮೈಮೇಲೆ ಹಾಕಿಕೊಂಡು ಬೆಳೆದ ಊರು. ಇಂಥ ಊರಿನ ಕಾರು ಚಾಲಕರು ತಮ್ಮದೂ ಒಂದು ಕೆಲಸವನ್ನು ಹೊರಗೆ ಕೊಟ್ಟರೆ ತಪ್ಪೇನು? ಸ್ಟೀರಿಂಗ್ ತಿರುಗಿಸುವುದು, ಆಕ್ಸಿಲರೇಟರ್ ಒತ್ತುವುದು, ಹಾರ್ನ್ ಬಡಿಯುವುದು, ಈ ಮೂರನ್ನು ಅವರೇ ಇಟ್ಟುಕೊಂಡಿದ್ದಾರೆ. ನೋಡುವ ಕೆಲಸವನ್ನು ಮಾತ್ರ ಬೈಕಿನವರಿಗೆ ಗುತ್ತಿಗೆ ಕೊಟ್ಟಿದ್ದಾರೆ. ಟೆಂಡರ್ ಕರೆದಿಲ್ಲ, ಮುಂಗಡವಿಲ್ಲ, ಬಿಲ್ಲಂತೂ ಇಲ್ಲವೇ ಇಲ್ಲ. ಗುತ್ತಿಗೆದಾರ ಒಂದು ಕ್ಷಣ ಮೈಮರೆತರೆ ದಂಡವನ್ನು ಅವನ ಮಂಡಿಚಿಪ್ಪಿನಿಂದಲೇ ಮುರಿದುಕೊಳ್ಳುತ್ತಾರೆ.

ಹಾಗೆ ಮುರಿದುಕೊಂಡಾಗ ಕಾರಿನ ಗಾಜು ಅರ್ಧ ಇಳಿಯುತ್ತದೆ. ಒಳಗಿನಿಂದ ಏಸಿಯ ತಂಪಿನ ಜೊತೆ ಒಂದು ವಾಕ್ಯ ಹೊರಬರುತ್ತದೆ: "ಕಾಣಲೇ ಇಲ್ಲ ಗುರೂ."

ಈ ಮಾತು ಬಹುಮಟ್ಟಿಗೆ ನಿಜ ಎನ್ನುವುದೇ ತಮಾಷೆ. ಅಮೆರಿಕದಲ್ಲಿ 1981ರಲ್ಲಿ ಹೊರಬಂದ ಹರ್ಟ್ ವರದಿ ಲಾಸ್ ಏಂಜಲೀಸ್ ಸುತ್ತಮುತ್ತಲ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರೀಕ್ಷಿಸಿತ್ತು. ಬೈಕಿಗೂ ಇನ್ನೊಂದು ವಾಹನಕ್ಕೂ ಆದ ಅಪಘಾತಗಳಲ್ಲಿ ಸುಮಾರು ಮೂರನೇ ಎರಡು ಪಾಲಿನಲ್ಲಿ ತಪ್ಪು ಆ ಇನ್ನೊಂದು ವಾಹನದ್ದು. ಬೈಕಿಗೆ ಬಿಡಬೇಕಾದ ದಾರಿಗೆ ಅದು ಅಡ್ಡ ಬಂದಿತ್ತು. ಅಲ್ಲಿನ ಚಾಲಕರೂ ಹೇಳಿದ್ದು ಇದನ್ನೇ, ಕಾಣಲಿಲ್ಲ. ಕತ್ತು ತಿರುಗಿಸಿ ನೋಡುವಾಗ ಕಣ್ಣು ಸರಾಗವಾಗಿ ಸರಿಯುವುದಿಲ್ಲ, ಜಿಗಿಯುತ್ತದೆ. ಜಿಗಿತದ ನಡುವೆ ಬಿದ್ದದ್ದನ್ನು ಮಿದುಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಸ್ಸಾದರೆ ಎರಡು ಜಿಗಿತಕ್ಕೂ ಸಿಗುವಷ್ಟು ಅಗಲ. ಸ್ಪ್ಲೆಂಡರ್ ಒಂದರ ಅಗಲ ಎಷ್ಟು? ಮೇಲಾಗಿ, ಅಡ್ಡರಸ್ತೆಯಿಂದ ಹೊರಬರುವ ಕಾರಿಗೆ ವಾಹನಗಳು ಮೊದಲು ಬರುವುದು ಬಲಗಡೆಯಿಂದ. ಚಾಲಕನ ಬಲಗಡೆಯಲ್ಲೇ ಮುಂಗಾಜಿನ ಕಂಬ ನಿಂತಿದೆ. ಗಾಳಿಚೀಲ ಬಂದ ಮೇಲೆ, ಪಲ್ಟಿಯಾದರೂ ಚಾವಣಿ ಕುಸಿಯಬಾರದೆಂದು ಗಟ್ಟಿ ಮಾಡಿದ ಮೇಲೆ, ಆ ಕಂಬ ದಪ್ಪವಾಗುತ್ತಲೇ ಬಂದಿದೆ. ಒಳಗಿನವನ ತಲೆ ಉಳಿಸಲು ದಪ್ಪಗಾದ ಕಂಬದ ಹಿಂದೆ ಹೊರಗಿನವನ ಬೈಕು ಪೂರ್ತಿ ಅಡಗಿ ಕೂರುತ್ತದೆ.

ಆದ್ದರಿಂದ ಗುತ್ತಿಗೆದಾರ ಮಾಡಬೇಕಾದ ಮೊದಲ ಕೆಲಸ, ಕಂಬದ ಹಿಂದಿನಿಂದ ಹೊರಬರುವುದು. ನೇರವಾಗಿ ಎದುರು ಬರುವ ಬೈಕು ನೋಡುವವನ ಕಣ್ಣಲ್ಲಿ ಒಂದೇ ಜಾಗದಲ್ಲಿ ಅಂಟಿಕೊಂಡಿರುತ್ತದೆ. ದೂರದಲ್ಲಿದ್ದಾಗ ಬೆಳೆಯುವುದೇ ಗೊತ್ತಾಗುವುದಿಲ್ಲ, ಹತ್ತಿರ ಬಂದಾಗ ಒಮ್ಮೆಲೇ ಉಬ್ಬುತ್ತದೆ, ಆಗ ಹೊತ್ತು ಮೀರಿರುತ್ತದೆ. ಹಾಗಾಗಿ ಅಡ್ಡರಸ್ತೆ ಐವತ್ತು ಅರವತ್ತು ಮೀಟರ್ ಇರುವಾಗಲೇ, ಹಿಂದೆ ಯಾರಿಲ್ಲವೆಂದು ಕನ್ನಡಿಯಲ್ಲಿ ನೋಡಿಕೊಂಡು, ತನ್ನ ಲೇನಿನೊಳಗೇ ನಿಧಾನವಾಗಿ ಎಡದಿಂದ ಬಲಕ್ಕೆ ಸರಿಯಬೇಕು. ಅಡ್ಡಡ್ಡ ಚಲಿಸುವ ವಸ್ತು ಕಣ್ಣಿಗೆ ಬೇಗ ಬೀಳುತ್ತದೆ. ಎಡಗಡೆಯ ಅಡ್ಡರಸ್ತೆಯಿಂದ ಒಂದೂವರೆ ಮೀಟರ್ ಹೆಚ್ಚು ಜಾಗವೂ ಸಿಗುತ್ತದೆ. ಜೊತೆಗೆ ಎರಡು ಬೆರಳು ಮುಂದಿನ ಬ್ರೇಕ್ ಲಿವರ್ ಮೇಲೆ. ಆಕ್ಸಿಲರೇಟರ್‌ನಿಂದ ಲಿವರ್‌ಗೆ ಬೆರಳು ಹಾರಿಸುವ ಹೊತ್ತು ಅರೆ ಸೆಕೆಂಡಿಗಿಂತ ಕಡಿಮೆ ಇರಬಹುದು. ಗಂಟೆಗೆ 50 ಕಿ.ಮೀ. ವೇಗದಲ್ಲಿ 0.3 ಸೆಕೆಂಡ್ ಎಂದರೆ 4 ಮೀಟರ್, ಅಂದರೆ ಒಂದು ಸಣ್ಣ ಕಾರಿನ ಉದ್ದ. ಆ ಉದ್ದವೇ ಬಾನೆಟ್ಟಿನ ಮುಂದೆ ನಿಲ್ಲುವುದಕ್ಕೂ ಬಾನೆಟ್ಟಿನ ಮೇಲೆ ಮಲಗುವುದಕ್ಕೂ ಇರುವ ಅಂತರ.

ಇನ್ನು ಚಾಲಕನ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಎಂದು ಕೆಲವರು ಉಪದೇಶ ಮಾಡುತ್ತಾರೆ. ಪ್ರೇಮಿಗಳಿಗೆ ಒಳ್ಳೆಯ ಸಲಹೆ. ರಸ್ತೆಯಲ್ಲಿ ನಿಮ್ಮನ್ನೇ ನೋಡುತ್ತಾ ಬೈಕಿನ ಮುಂದಕ್ಕೆ ನುಗ್ಗುವವರು ಬೇಕಾದಷ್ಟಿದ್ದಾರೆ. ನೋಡಬೇಕಾದ್ದು ಕಾರಿನ ಮುಂದಿನ ಚಕ್ರವನ್ನು. ಯು ಟರ್ನ್ ಹೊಡೆಯಲು ಮೀಡಿಯನ್ ಸಂದಿಯಲ್ಲಿ ನಿಂತ ಕಾರಿನ ಮೈ ಅಲುಗಿದ್ದು ಗೊತ್ತಾಗುವ ಮೊದಲೇ ಚಕ್ರದ ರಿಮ್ ಉರುಳುವುದು ಕಾಣುತ್ತದೆ. ಇಂಡಿಕೇಟರ್ ಸುಳ್ಳು ಹೇಳಬಹುದು, ಚಕ್ರ ಹೇಳುವುದಿಲ್ಲ.

ಇಂಡಿಕೇಟರ್ ವಿಷಯವೇ ಬೇರೆ ಪುರಾಣ. ಹೆದ್ದಾರಿಯಲ್ಲಿ ಮುಂದಿನ ಲಾರಿ ಬಲಗಡೆಯ ಇಂಡಿಕೇಟರ್ ಹಾಕಿದರೆ ಎರಡು ಅರ್ಥ: ಬಲಕ್ಕೆ ತಿರುಗುತ್ತಿದ್ದೇನೆ, ಅಥವಾ ಬಲಗಡೆಯಿಂದ ಧಾರಾಳವಾಗಿ ಮುಂದೆ ಹೋಗು. ಎರಡರಲ್ಲಿ ಯಾವುದು ಎಂಬುದನ್ನು ಬೈಕಿನವನು ಪ್ರಾಣ ಪಣವಿಟ್ಟು ಕಂಡುಕೊಳ್ಳಬೇಕು. ನಗರದೊಳಗೆ ಇನ್ನೂ ಒಂದು ಆವಿಷ್ಕಾರವಾಗಿದೆ: ನಾಲ್ಕು ದಾರಿಯ ಜಂಕ್ಷನ್ನಿನಲ್ಲಿ ನೇರ ಹೋಗುವವರು ನಾಲ್ಕೂ ದೀಪ ಮಿನುಗಿಸುವುದು. ಕೆಟ್ಟು ನಿಂತ ವಾಹನಕ್ಕೆಂದು ಕೊಟ್ಟ ಹಜಾರ್ಡ್ ಲೈಟು ಇಲ್ಲಿ "ನಾನು ಚೆನ್ನಾಗಿದ್ದೇನೆ, ನೇರ ಹೋಗುತ್ತಿದ್ದೇನೆ" ಎನ್ನುವ ಕುಶಲ ಸಮಾಚಾರ. ಮಳೆ ಬಂದರೂ ಅದೇ, ಅಂಡರ್‌ಪಾಸ್ ಬಂದರೂ ಅದೇ. ಎಡಪಕ್ಕದಿಂದ ನೋಡುವವನಿಗೆ ಕಾಣುವುದು ನಾಲ್ಕರಲ್ಲಿ ಎಡಗಡೆಯ ದೀಪ ಮಾತ್ರ. ಅವನು ಪಾಪ, ಈ ಕಾರು ಎಡಕ್ಕೆ ಹೋಗುತ್ತದೆ ಅಂದುಕೊಂಡು ಮುಂದೆ ಬರುತ್ತಾನೆ. ನಾಲ್ಕೂ ಮಿನುಗುತ್ತಿರುವಾಗ ಕಾರಿನವನು ನಿಜವಾಗಿ ತಿರುಗಬೇಕೆಂದರೂ ಹೇಳುವ ಬಾಯಿಯಿಲ್ಲ. ಹಜಾರ್ಡ್ ಹಾಕಿಕೊಂಡು ಓಡುವ ಕಾರು ಕಂಡರೆ ಅದು ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದು ಎಂದೇ ಎಣಿಸಿ ಹಿಂದೆ ಉಳಿಯುವುದು ವಾಸಿ.

ಬೈಕು ಕಾಣುವುದಿಲ್ಲ ಎನ್ನುವ ದೂರಿಗೆ ಸರ್ಕಾರ ಪರಿಹಾರ ಕೊಡದೆ ಇರಲಿಲ್ಲ. 2017ರ ಏಪ್ರಿಲ್‌ನಿಂದ ಮಾರಾಟವಾಗುವ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಶುರುವಾದೊಡನೆ ಹೆಡ್‌ಲೈಟ್ ತಾನೇ ಹೊತ್ತಿಕೊಳ್ಳುತ್ತದೆ. ಆರಿಸಲು ಸ್ವಿಚ್ಚೇ ಇಲ್ಲ. ಅಂದಿನಿಂದ ಹಗಲು ಹೊತ್ತಿನಲ್ಲಿ ಎದುರು ಬರುವವರೆಲ್ಲ ಐದು ಬೆರಳು ಕೂಡಿಸಿ ಬಿಡಿಸಿ, ಕೂಡಿಸಿ ಬಿಡಿಸಿ, "ಲೈಟ್ ಉರೀತಿದೆ" ಎಂದು ಸನ್ನೆ ಮಾಡುತ್ತ ಬಂದಿದ್ದಾರೆ. ಹಾಗೆ ಸನ್ನೆ ಮಾಡಿದವರೇ ಮುಂದಿನ ಜಂಕ್ಷನ್ನಿನಲ್ಲಿ ಅಡ್ಡ ನುಗ್ಗಿ ಕಾಣಲಿಲ್ಲ ಅನ್ನುತ್ತಾರೆ. ದೀಪ ಕಂಡಿತ್ತು, ಅದರ ಹಿಂದಿನ ಬೈಕು ಕಾಣಲಿಲ್ಲ.

ಕಾರಿನ ಎಡಗನ್ನಡಿಯನ್ನು ಮಡಚಿಕೊಂಡು ಹೋಗುವ ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಬೈಕಿನವರು ತಾಗಿಸಿ ಒಡೆಯುತ್ತಾರೆಂದು ಮಡಚಿದ್ದಂತೆ. ಮಡಚಿದ್ದರಿಂದ ಎಡಗಡೆಯ ಬೈಕು ಕಾಣುವುದಿಲ್ಲ, ಕಾಣದ್ದರಿಂದ ಬೈಕಿಗೆ ಬಾಗಿಲೇ ತಾಗುತ್ತದೆ. ಕನ್ನಡಿ ಮಾತ್ರ ಕ್ಷೇಮ. ಒಂದು ಗುರುತು: ಕಾರಿನ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ಅವನ ಪಾಲಿಗೆ ನೀವು ಹುಟ್ಟೇ ಇಲ್ಲ. ಆ ಜಾಗದಲ್ಲಿ ಸುಳಿದಾಡದೆ ಒಂದೋ ಮುಂದೆ ಹೋಗಬೇಕು, ಇಲ್ಲವೇ ಹಿಂದೆ ಸರಿಯಬೇಕು.

ಫೋನು ಬಂದ ಮೇಲೆ ಗುತ್ತಿಗೆಯ ವ್ಯಾಪ್ತಿ ಹಿಗ್ಗಿತು. 40ರ ವೇಗದಲ್ಲಿ ಮೂರು ಸೆಕೆಂಡ್ ಪರದೆ ನೋಡಿದರೆ ಕಾರು 33 ಮೀಟರ್ ಕುರುಡಾಗಿ ಓಡಿರುತ್ತದೆ. ಮುಂದಿನ ಕಾರು ಕಾರಣವಿಲ್ಲದೆ ನಿಧಾನವಾಗಿ ಲೇನಿನಲ್ಲಿ ತೇಲತೊಡಗಿದರೆ ಅದು ಮೆಸೇಜು. ಫ್ಲೈಓವರ್ ಇಬ್ಭಾಗವಾಗುವ ಕಡೆ ತಟಕ್ಕನೆ ಹಿಂಜರಿದರೆ ಅದು ಮ್ಯಾಪು. ಹೆಬ್ಬಾಳದಲ್ಲಿ ಬಲತುದಿಯ ಲೇನಿನಲ್ಲಿದ್ದವನಿಗೆ ಫೋನು "ಎಡಕ್ಕೆ ತಿರುಗಿ" ಎಂದರೆ ಅವನು ಫೋನಿನ ಮಾತು ಮೀರುವುದಿಲ್ಲ. ಮೂರು ಲೇನು ದಾಟಿ ಎಡಕ್ಕೆ ಬರುತ್ತಾನೆ, ನಡುವೆ ಯಾರಿದ್ದರೂ. ಆದ್ದರಿಂದ ಹಿಂಜರಿಯುವ ಕಾರನ್ನು ರ‍್ಯಾಂಪ್ ಇರುವ ಬದಿಯಿಂದ ಎಂದೂ ಹಿಂದಿಕ್ಕಬಾರದು. ಕೆಂಪು ದೀಪಕ್ಕೆ ನಿಂತಾಗಲೂ ಗುತ್ತಿಗೆ ಮುಗಿಯುವುದಿಲ್ಲ. ಮುಂದಿನ ವಾಹನದ ನೇರ ಹಿಂದೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ, ಒಂದು ಬೈಕಿನಷ್ಟು ಜಾಗ ಬಿಟ್ಟು, ಒಂದನೇ ಗೇರಿನಲ್ಲಿ ಕ್ಲಚ್ ಹಿಡಿದುಕೊಂಡು, ಹಿಂದೊಂದು ವಾಹನ ಪೂರ್ತಿ ನಿಲ್ಲುವ ತನಕ ಕನ್ನಡಿ ನೋಡುತ್ತಿರಬೇಕು. ಬ್ರೇಕನ್ನು ಎರಡು ಮೂರು ಸಲ ಮುಟ್ಟಿ ಬಿಟ್ಟರೆ ಹಿಂದಿನ ಕೆಂಪು ದೀಪ ಮಿನುಗುತ್ತದೆ. ರೀಲ್ಸ್ ನೋಡುತ್ತ ಬರುವವನನ್ನು ಎಚ್ಚರಿಸಲು ಅದೊಂದು ಸಣ್ಣ ಪ್ರಯತ್ನ.

ನಿಂತ ಕ್ಯಾಬಿನಿಂದ ಒಂದೂಕಾಲು ಮೀಟರ್ ದೂರ ಹೋಗಿ, ಬಾಗಿಲು ಬಲಕ್ಕೇ ತೆರೆಯುತ್ತದೆ. ಆಟೋ ಎಡಕ್ಕೆ ಹೊಡೆಯುವ ಸೂಚನೆ ಆಟೋದಲ್ಲಿ ಇರುವುದಿಲ್ಲ, ಫುಟ್‌ಪಾತಿನಲ್ಲಿ ಕೈಯೆತ್ತಿ ನಿಂತ ಪ್ರಯಾಣಿಕನಲ್ಲಿ ಇರುತ್ತದೆ. ಬಿಎಂಟಿಸಿ ಬಸ್ಸು ರಸ್ತೆ ನಡುವೆ ಓರೆಯಾಗಿ ನಿಂತರೆ ಎಡಗಡೆಯಿಂದ ನುಗ್ಗಬೇಡಿ. ಇಳಿಯುವವರಿಗೆ ನೀವೇ ಮೆಟ್ಟಿಲಾಗುತ್ತೀರಿ. ನೀರಿನ ಟ್ಯಾಂಕರ್ ಹಂಪಿನ ಮೇಲೂ ತಿರುವಿನಲ್ಲೂ ತುಳುಕುತ್ತದೆ, ಕಸದ ಲಾರಿ ಉದ್ದಕ್ಕೂ ಸುರಿಸುತ್ತದೆ. ಎರಡನೆಯದು ಜಾರುವುದೂ ಹೆಚ್ಚು, ತೊಳೆದರೆ ಹೋಗುವುದೂ ಕಷ್ಟ.

ಇಷ್ಟೆಲ್ಲ ಆದ ಮೇಲೂ ಎದುರಿಗೆ ಕಾರು ಬಂದೇ ಬರುತ್ತದೆ. ಆಗ ನಮ್ಮ ಸವಾರರು ಹಿಂದಿನ ಬ್ರೇಕನ್ನು ಭಕ್ತಿಯಿಂದ ತುಳಿಯುತ್ತಾರೆ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಎಂದು ಮಾವ ಹೇಳಿದ್ದಾರೆ, ಮಾವನಿಗೆ ಅವರ ಮಾವ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರ ರಸ್ತೆಯನ್ನು ಹಿಡಿದುಕೊಳ್ಳುವುದಾದರೂ ಹೇಗೆ? 40ರ ವೇಗದಲ್ಲಿ ಒಣ ಡಾಂಬರಿನ ಮೇಲೆ ಎರಡೂ ಬ್ರೇಕ್ ಸರಿಯಾಗಿ ಹಿಡಿದರೆ ಸುಮಾರು 9 ಮೀಟರ್‌ನಲ್ಲಿ ನಿಲ್ಲುವ ಬೈಕು, ಹಿಂದಿನದೊಂದನ್ನೇ ತುಳಿದರೆ ಹೆಚ್ಚುಕಡಿಮೆ ಅದರ ಎರಡರಷ್ಟು ದೂರ ಹೋಗುತ್ತದೆ. 60ರಲ್ಲಾದರೆ ಎರಡೂ ಹಿಡಿದರೂ 20 ಮೀಟರ್ ಬೇಕು, ಎಚ್ಚೆತ್ತುಕೊಳ್ಳಲು ತಗಲುವ ಒಂದು ಸೆಕೆಂಡಿನ 17 ಮೀಟರ್ ಬೇರೆ. ಪಲ್ಟಿಯಾಗುವುದು ಮುಂದಿನ ಬ್ರೇಕಿನಿಂದಲ್ಲ, ಅದನ್ನು ಗಬಕ್ಕನೆ ಹಿಡಿಯುವುದರಿಂದ. ಮೊದಲು ಮೆಲ್ಲಗೆ ಹಿಂಡಿ, ಮುಂಚಕ್ರ ಹಿಡಿದಿರುವ ಫೋರ್ಕ್ ಕುಗ್ಗಿ ಮುಂದಿನ ಟಯರಿಗೆ ಭಾರ ಬಿದ್ದ ಮೇಲೆ ಇನ್ನೂ ಬಲವಾಗಿ. ಬೈಕು ವಾಲಿದ್ದರೆ ಮೊದಲು ನೆಟ್ಟಗಾಗಬೇಕು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕಿಗೆ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಏರ್ಪಾಡು, 125 ಸಿಸಿವರೆಗಿನದಕ್ಕೆ ಕನಿಷ್ಠ ಸಿಬಿಎಸ್, ಅಂದರೆ ಒಂದು ಬ್ರೇಕ್ ಒತ್ತಿದರೆ ಎರಡೂ ಹಿಡಿಯುವ ಏರ್ಪಾಡು, ಕಡ್ಡಾಯವಾಯಿತು. ಆದರೆ ಲಿವರನ್ನೇ ಮುಟ್ಟದವನಿಗೆ ಎಬಿಎಸ್ ಏನು ಮಾಡೀತು? ಖಾಲಿ ಮೈದಾನದಲ್ಲಿ 30ರ ವೇಗದಿಂದ ಹತ್ತಿಪ್ಪತ್ತು ಸಲ ನಿಲ್ಲಿಸಿ ನೋಡಿದರೆ ಬೆರಳಿಗೆ ಬುದ್ಧಿ ಬರುತ್ತದೆ.

ಲೈಸೆನ್ಸ್ ಕೊಡುವವರು ಇದನ್ನು ಕೇಳುತ್ತಾರೆಯೇ? ಅವರಿಗೆ ಬೇಕಾದ್ದು ಎಂಟು. ಕಾಲು ನೆಲಕ್ಕೆ ಊರದೆ ಎಂಟು ಹಾಕಿದವನಿಗೆ ಸಿಲ್ಕ್ ಬೋರ್ಡ್ ಅಪ್ಪಣೆಯಾಗುತ್ತದೆ. ಸಿಲ್ಕ್ ಬೋರ್ಡಿನಲ್ಲಿ ಎಂಟು ಎಲ್ಲಿದೆಯೋ ಗೊತ್ತಿಲ್ಲ, ಕಾಲನ್ನಂತೂ ಪ್ರತಿ ಐದು ಅಡಿಗೆ ಊರಬೇಕು. ಕಾರಿನವನಿಗೂ ಬಾಗಿಲು ತೆರೆಯುವ ಪರೀಕ್ಷೆಯಿಲ್ಲ. ಬಲಗಡೆ ಕೂತ ಚಾಲಕ ಎಡಗೈ ಚಾಚಿ ಬಾಗಿಲು ತೆರೆದರೆ ಮೈ ತಾನಾಗಿ ಹೊರಳಿ ಹಿಂದಿನ ರಸ್ತೆ ಕಾಣುತ್ತದೆ. ಕಲಿಯಲು ಅರ್ಧ ನಿಮಿಷ ಸಾಕು.

ದಂಡ ಇದೆಯಲ್ಲ ಎನ್ನಬಹುದು. ಇದೆ, ಡಿಸ್ಕೌಂಟಿನಲ್ಲಿದೆ. 2023ರ ಫೆಬ್ರುವರಿಯಲ್ಲಿ, ಆಷಾಢ ಬರುವುದಕ್ಕೂ ಕಾಯದೆ, ಬಾಕಿ ಸಂಚಾರ ದಂಡದ ಮೇಲೆ ಶೇಕಡಾ 50 ರಿಯಾಯಿತಿ ಘೋಷಣೆಯಾಯಿತು. ಜನ ಸಾಲುಗಟ್ಟಿ ನಿಂತರು, ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿ ದಾಟಿತು. 2025ರಲ್ಲಿ ಗೌರಿ ಗಣೇಶ ಹಬ್ಬದ ಹೊತ್ತಿಗೆ ಮತ್ತೆ ಅದೇ ಮಾರಾಟ. ಸೀರೆಯಂತೆ ದಂಡವನ್ನೂ ಸೇಲ್ ಬರುವ ತನಕ ಕಾದು ಕೊಳ್ಳುವುದು ಜಾಣತನ ಎಂದು ಊರಿಗೆಲ್ಲ ಅರ್ಥವಾಗಿದೆ. ಸಮಯಕ್ಕೆ ಪೂರ್ತಿ ಕಟ್ಟಿದವನು ಪೆದ್ದ.

ಬೆಂಗಳೂರು ಮೈಸೂರು ಹೆದ್ದಾರಿಯಲ್ಲಂತೂ ಸಮಸ್ಯೆಯನ್ನು ಬೇರುಸಹಿತ ಕಿತ್ತಿದ್ದಾರೆ. ವೇಗದ ಕಾರುಗಳ ನಡುವೆ ಬೈಕುಗಳಿಗೆ ಅಪಾಯವೆಂದು 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕುಗಳೇ ಬರಬಾರದೆಂದು ನಿಷೇಧಿಸಿದರು. ವೇಗದ ಅಂತರ ಅಪಾಯ ಎನ್ನುವುದು ಸರಿಯೇ. ಆದರೆ ಆ ಅಂತರ ತಪ್ಪಿಸಿಕೊಂಡು ಬೈಕು ಇಳಿದದ್ದು ಎಲ್ಲಿಗೆ? ಎದುರಿನಿಂದ ಟ್ರ್ಯಾಕ್ಟರ್, ಪಕ್ಕದಿಂದ ಎಮ್ಮೆ, ಮಳೆ ಬಂದರೆ ಕೆರೆ, ಇಷ್ಟೆಲ್ಲ ಒಟ್ಟಿಗಿರುವ ಸರ್ವಿಸ್ ರಸ್ತೆಗೆ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ದ್ವಿಚಕ್ರದವರು ಶೇಕಡಾ 44.5 ಎಂದು ಕೇಂದ್ರ ಸಾರಿಗೆ ಸಚಿವಾಲಯವೇ ಲೆಕ್ಕ ಕೊಟ್ಟಿದೆ. ಕಾರಣದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಅತಿವೇಗ. "ಕಾಣಲಿಲ್ಲ" ಎನ್ನುವ ಕಾಲಮ್ಮೇ ಇಲ್ಲ. ಕೂದಲೆಳೆಯಲ್ಲಿ ತಪ್ಪಿದವುಗಳಿಗಂತೂ ಪಟ್ಟಿಯೇ ಇಲ್ಲ. ಎರಡು ವಿಮಾನಗಳು ಆಕಾಶದಲ್ಲಿ ಬೇಕಾದ್ದಕ್ಕಿಂತ ಹತ್ತಿರ ಬಂದರೆ, ಯಾರಿಗೂ ಏನೂ ಆಗದಿದ್ದರೂ, ತನಿಖೆಯಾಗುತ್ತದೆ. ಮಾರತಹಳ್ಳಿ ಸೇತುವೆಯ ಕೆಳಗೆ ಅದೇ ಆದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹಾರ್ನ್ ಹೊಡೆಯುತ್ತಾರೆ, ತನಿಖೆ ಮುಗಿಯುತ್ತದೆ.

ಹಾಗೆಂದು ಗುತ್ತಿಗೆದಾರರು ಸಾಚಾಗಳೆಂದು ಯಾರೂ ತಿಳಿಯಬಾರದು. ದೊಡ್ಡ ಗುತ್ತಿಗೆ ಹಿಡಿದವರೆಲ್ಲ ಮಾಡುವುದನ್ನೇ ಅವರೂ ಮಾಡಿದ್ದಾರೆ: ಕೆಲಸವನ್ನು ಉಪಗುತ್ತಿಗೆಗೆ ಕೊಟ್ಟಿದ್ದಾರೆ. ಹೆಲ್ಮೆಟ್ಟಿನ ಸಂದಿಗೆ ಫೋನು ತುರುಕಿ, ಪಟ್ಟಿ ಬಿಗಿಯದೆ, ಒನ್‌ವೇಯಲ್ಲಿ ಎದುರು ಬಂದು, ರಸ್ತೆ ಸಾಲದೆ ಫುಟ್‌ಪಾತ್ ಹತ್ತುತ್ತಾರೆ. ಅಲ್ಲಿ ಕಿತ್ತುಹೋದ ಚಪ್ಪಡಿಗಳ ಸಂದಿಯಲ್ಲಿ ಕಾಲು ಸಿಕ್ಕಬಾರದೆಂದು ನೆಲ ನೋಡುತ್ತ, ಸೊಪ್ಪಿನ ಚೀಲ ಹಿಡಿದು ನಡೆಯುವ ಹೆಂಗಸಿನ ಬೆನ್ನ ಹಿಂದೆ ನಿಂತು ಹಾರ್ನ್ ಹೊಡೆದು, ಪಕ್ಕದಿಂದ ನುಸುಳುವಾಗ ಕತ್ತು ತಿರುಗಿಸಿ ಹೇಳುತ್ತಾರೆ: "ಅಜ್ಜಿ, ಹಿಂದೆ ಮುಂದೆ ನೋಡ್ಕೊಂಡ್ ನಡೀಬಾರ್ದಾ?"