ಹೊಟ್ಟೆ ಆಪರೇಷನ್‌ಗೆ ಮುಂಚೆ ಇದನ್ನೊಂದು ಕೇಳಿಬಿಡಿ

ಅಮ್ಮನಿಗೆ ಗರ್ಭಕೋಶ ತೆಗೆಸಿ ಆರು ವರ್ಷ ಆಗಿತ್ತು. ಒಂದು ರಾತ್ರಿ ಹೊಟ್ಟೆ ಹಿಂಡಿದ ಹಾಗೆ ನೋವು ಬಂತು. ಗ್ಯಾಸ್ ಇರಬೇಕು ಅಂತ ಓಮದ ನೀರು ಕೊಟ್ಟು ಮಲಗಿಸಿದೆವು. ಬೆಳಗಾಗುವಷ್ಟರಲ್ಲಿ ಹೊಟ್ಟೆ ಉಬ್ಬಿ, ಹಸಿರು ವಾಂತಿ ಶುರುವಾಗಿ, ಗಾಳಿ ಕೂಡ ಹೋಗುತ್ತಿರಲಿಲ್ಲ. ಸ್ಕ್ಯಾನ್ ನೋಡಿದ ಡಾಕ್ಟರು "ಹಳೇ ಆಪರೇಷನ್ ಜಾಗದಲ್ಲಿ ಕರುಳು ಅಂಟಿಕೊಂಡಿದೆ" ಅಂದರು. ಹೀಗಾಗಬಹುದು ಅಂತ ಆರು ವರ್ಷದಲ್ಲಿ ಒಬ್ಬರೂ ನಮಗೆ ಹೇಳಿರಲಿಲ್ಲ. ನನ್ನ ಸಂಕಟ ಅದು.

ಇದು ಅಪರೂಪವೂ ಅಲ್ಲ. ಹೊಟ್ಟೆ ಕೊಯ್ದು ಮಾಡುವ ಆಪರೇಷನ್ ಆದ ಹೆಚ್ಚಿನವರ ಒಳಗೆ ಎಲ್ಲೋ ಒಂದು ಕಡೆ ಅಂಟು ಇರುತ್ತದೆ, ಬಹಳ ಜನಕ್ಕೆ ಅದು ಗೊತ್ತೂ ಆಗುವುದಿಲ್ಲ. ಕರುಳಿನ ಮೇಲಿನ ತೆಳುಪೊರೆಗೆ ಪೆಟ್ಟಾದಾಗ ಅಲ್ಲಿ ಫೈಬ್ರಿನ್ ಅನ್ನುವ ಜಿಗುಟು ಕೂರುತ್ತದೆ. ಕೆಲವೇ ದಿನದಲ್ಲಿ ದೇಹ ಅದನ್ನು ಕರಗಿಸಿಕೊಂಡರೆ ಸರಿ. ಇಲ್ಲದಿದ್ದರೆ ಅದೇ ಗಟ್ಟಿಯಾಗಿ ಕರುಳನ್ನು ಪಕ್ಕದ ಕರುಳಿಗೋ ಹೊಟ್ಟೆಯ ಗೋಡೆಗೋ ಕಟ್ಟಿಹಾಕುತ್ತದೆ.

ಹಾಗಾಗಿ ತಡೆಯುವ ಕೆಲಸ ಬಹುಪಾಲು ಆಪರೇಷನ್ ಟೇಬಲ್ ಮೇಲೇ ಆಗಬೇಕು. ಕರುಳನ್ನು ಮೆತ್ತಗೆ ಹಿಡಿಯಬೇಕು, ಒಣಗಲು ಬಿಡಬಾರದು, ಹೊಟ್ಟೆಯೊಳಗೆ ರಕ್ತ ಉಳಿಯದ ಹಾಗೆ ನೋಡಿಕೊಳ್ಳಬೇಕು. ಗ್ಲೌಸಿನ ಪೌಡರ್ ಒಳಗೆ ಬಿದ್ದರೂ ಅಂಟು ಬರುತ್ತದೆ, ಅಮೆರಿಕದಲ್ಲಿ 2017ರಿಂದ ಪೌಡರ್ ಗ್ಲೌಸ್ ನಿಷೇಧಿಸಲು ಅದೂ ಒಂದು ಕಾರಣ. ಲ್ಯಾಪರೊಸ್ಕೋಪಿ (ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಆಗುವಂಥ ಕೇಸಾದರೆ ಸಾಮಾನ್ಯವಾಗಿ ಅಂಟು ಕಡಿಮೆ. ಸೆಪ್ರಾಫಿಲ್ಮ್, ಇಂಟರ್‌ಸೀಡ್ ಅಂತ ಒಳಗೆ ಹಾಸುವ ಪೊರೆಗಳೂ ಇವೆ. ಸ್ವಲ್ಪ ದಿನ ಅಡ್ಡ ನಿಂತು ತಾವೇ ಕರಗುತ್ತವೆ. ಪೂರ್ತಿ ತಡೆಯುವುದಿಲ್ಲ, ಎಲ್ಲರಿಗೂ ಬೇಕಾಗುವುದೂ ಇಲ್ಲ, ಆದರೆ ನಮಗೆ ಬೇಕಾ ಅಂತ ಕೇಳುವುದರಲ್ಲಿ ತಪ್ಪೇನಿದೆ? ಬೆಲ್ಟ್ ಬಿಗಿಯಾಗಿ ಕಟ್ಟಿದರೆ ಕರುಳು ಅಂಟಲ್ಲ ಅಂತ ನಂಬಿದವರು ನಮ್ಮ ಮನೆಯಲ್ಲೇ ಇದ್ದಾರೆ. ಅದು ಹೊಲಿಗೆಗೆ ಆಸರೆ, ಅಷ್ಟೇ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 100ಕ್ಕೆ 31 ಹೆರಿಗೆ ಸಿಸೇರಿಯನ್. ಸಿಸೇರಿಯನ್ ಮತ್ತೆ ಮತ್ತೆ ಆದಷ್ಟೂ ಅಂಟು ಜಾಸ್ತಿ. ಹಾಗಿದ್ದ ಮೇಲೆ ಇದು ಎಷ್ಟು ಮನೆಗಳ ವಿಷಯ ಅಲ್ವಾ?

ಅಮ್ಮನಿಗೆ ಪುಣ್ಯಕ್ಕೆ ಮತ್ತೆ ಕೊಯ್ಯಬೇಕಾಗಲಿಲ್ಲ. ಮೂಗಿನಿಂದ ಟ್ಯೂಬ್ ಹಾಕಿದರು, ಡ್ರಿಪ್ ಕೊಟ್ಟರು, ಮೂರನೇ ದಿನ ಗಾಳಿ ಹೋಯಿತು. ಅಂಟು ಬಿಡಿಸಲು ಮತ್ತೆ ಆಪರೇಷನ್ ಮಾಡಿದರೆ ಮತ್ತೆ ಅಂಟಬಹುದು, ಅದಕ್ಕೇ ಕಾದು ನೋಡಿದರಂತೆ. ಆದರೆ ಕಾಯುವುದು ಆಸ್ಪತ್ರೆಯಲ್ಲಿ, ಮನೆಯಲ್ಲಲ್ಲ. ಹಿಂದೆ ಹೊಟ್ಟೆ ಆಪರೇಷನ್ ಆದವರಿಗೆ ಹೀಗೆ ನೋವು, ವಾಂತಿ ಬಂದು ಗಾಳಿ ನಿಂತರೆ ದಯವಿಟ್ಟು ನಮ್ಮ ಹಾಗೆ ಓಮದ ನೀರು ಕೊಟ್ಟು ರಾತ್ರಿ ಕಳೆಯಬೇಡಿ.

ಮುಂದಿನ ತಿಂಗಳು ತಂಗಿಗೆ ಎರಡನೇ ಸಿಸೇರಿಯನ್. ಈ ಸಲ ಮೊದಲೇ ಡಾಕ್ಟರನ್ನು ಕೇಳಿದೆವು. ಅವರು ಹತ್ತು ನಿಮಿಷ ಕೂತು, ಹಾಳೆ ಮೇಲೆ ಚಿತ್ರ ಬರೆದು ತಿಳಿಸಿದರು. ಆ ಹಾಳೆ ತಂಗಿಯ ಫೈಲಿನಲ್ಲಿದೆ.